ಪ್ರೆಂದಾ

ಮೊದಲು ಅದು ಬರೀ ಬಟ್ಟೆ.
ಪುಯೆಬ್ಲಾ ಪಟ್ಟಣದ ಲಾಂಡ್ರಿಯೊಂದರಲ್ಲಿ
ದೊನ್ಯಾ ಒಬ್ದೂಲಿಯಾ ಒಂದೊಂದೇ ಎತ್ತಿ ಹಿಡಿದು
ಹೇಳಿಕೊಟ್ಟಳು: ಅಂಗಿ, ಪ್ರೆಂದಾ. ಲಂಗ, ಪ್ರೆಂದಾ.
ಕಾಲುಚೀಲ ಎರಡು ಸೇರಿದರೆ ಒಂದು ಪ್ರೆಂದಾ.
ಒಂಟಿ ಸಿಕ್ಕರೆ ಲೆಕ್ಕಕ್ಕಿಲ್ಲ, ಆ ಡಬ್ಬಿಗೆ ಹಾಕು.
ಹನ್ನೆರಡಕ್ಕೊಂದು ಡಜನ್,
ಇಸ್ತ್ರಿಯ ದರ ಡಜನ್ನಿಗೆ.

ನಸಾರಿಯಾ ಬೆಟ್ಟದವಳು, ಮನೆಮಾತು ಮಿಸ್ತೆಕ್.
ಮೂವತ್ತೊಂದನೆಯ ವಯಸ್ಸಿಗೆ
ಸ್ಪ್ಯಾನಿಷ್ ಅವಳ ಬಳಿ
ಆವಿಯ ಜೊತೆ ಬಂತು.
ಕಲಿತ ಪದಕ್ಕೆಲ್ಲ ಗಂಜಿಯ ವಾಸನೆ.
ಕಲಿತದ್ದನ್ನು ಕಾಲರು ಒತ್ತಿದ ಹಾಗೆ
ಎರಡೂ ಮಗ್ಗುಲಿಂದ ಒತ್ತಿ
ಮಡಿಸಿಡುವಳು, ಸುಕ್ಕಿಲ್ಲದೆ.

ಆಮೇಲೆ ಅಬುಂದಿಯೊ ಸಾರುವೆಯಿಂದ ಬಿದ್ದ.
ಬಲಗೈ ಮಣಿಕಟ್ಟಿಗೆ ಸಿಮೆಂಟಿನಂಥ ಪಟ್ಟಿ.
ಮಂಚದ ಕೆಳಗೆ ಅವನ ಡ್ರಿಲ್ ಮಷಿನ್
ಮುನಿಸಿಕೊಂಡ ನಾಯಿಯ ಹಾಗೆ
ಮೂತಿ ಗೋಡೆಗೆ ಹಚ್ಚಿ ಮಲಗಿತ್ತು, ಹದಿನೆಂಟು ದಿನ.

ಗಿರವಿ ಅಂಗಡಿಯ ಗಾಜಿನಾಚೆ ಒಬ್ಬ ಹುಡುಗ.
(ಕಾಲರಿಗೆ ಗಂಜಿ ಜಾಸ್ತಿ, ಹೊಲಿಗೆಯ ಬಳಿ ಸುಟ್ಟ ಕಲೆ.
ಅವಳ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.)
ಪ್ರೆಂದಾ ಯಾವುದು, ಅಂದ.
ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.
ನಂತರ ಹೆಗಲ ರೆಬೋಸೊ ಬಿಚ್ಚಿ,
ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಸವರಿ,
ಕಟ್ಟೆಯ ಮೇಲಿಟ್ಟಳು.
ತೋಳಿಗೆ ಚಳಿ ಹತ್ತಿತು.
ಡ್ರಿಲ್ ಇನ್ನೂ ಚೀಲದಲ್ಲೇ.

ಸಾಲಿನಲ್ಲಿ ಹಿಂದೆ
ಮಿಕ್ಸರ್ ಅವಚಿಕೊಂಡು ನಿಂತವಳು ಕಿಸಕ್ಕನೆ ನಕ್ಕು,
ಬಾಯಿಗೆ ಕೈ ಅಡ್ಡ ಹಿಡಿದು,
ಚೀಲದ ಕಡೆ ಗದ್ದ ಚಾಚಿದಳು:
“ಅದು ಕಣಮ್ಮ. ಇಲ್ಲಿ ಪ್ರೆಂದಾ ಅಂದರೆ ಅದು.
ನನ್ನದು, ನೋಡು, ಇದು.”
ಮಿಕ್ಸರಿನ ತಲೆ ತಟ್ಟಿದಳು,
ನಿದ್ದೆಗೆ ಹಟ ಮಾಡುವ ಕೂಸನ್ನು ತಟ್ಟಿದ ಹಾಗೆ.

ಆರು ನೂರು ಪೇಸೊ. ಒಂದು ಚೀಟಿ.
ಚೀಟಿಯಲ್ಲಿ ಆ ಪದ ನಾಲ್ಕು ಸಲ.
ಓದಲು ಬಾರದಿದ್ದರೂ
ಅದರ ಆಕಾರ ಅವಳಿಗೆ ಗೊತ್ತಾಯಿತು:
ಮುಂದೊಂದು ಹೊಟ್ಟೆ, ನಡುವೆ ಒಂದು ಕೋಲು.

ಬರೆಯುವ ನನಗೂ ಇಲ್ಲೊಂದು ತೊಡಕು.
ಒತ್ತೆ ಎಂದರೆ ಮನುಷ್ಯರನ್ನೇ ಹಿಡಿದಿಟ್ಟಂತೆ.
ಗಿರವಿ ಎಂದರೆ ಬರೀ ಅಂಗಡಿ.
ಅಡವು ಎನ್ನೋಣವೆಂದರೆ
ಆ ಪದಕ್ಕೆ ಗೆಜ್ಜೆಯೂ ಇದೆ,
ಕಾಲೆತ್ತಿ ತಟ್ಟುತ್ತದೆ, ಸುಮ್ಮನೆ ಕೂರುವುದಿಲ್ಲ.

ಭಾನುವಾರ ವಠಾರದ ಅಂಗಳದಲ್ಲಿ ಮಕ್ಕಳ ಆಟ.
ಸೋತವರು ಪ್ರೆಂದಾ ಕೊಡಬೇಕು.
ನಸಾರಿಯಾಳ ಮಗ ಮೆಲಿತೋನ್ ಸೋತು
ಎಡಗಾಲ ಬೂಟು ಬಿಚ್ಚಿ ಕೊಟ್ಟ.
ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳ ಕೈ ನಿಂತಿತು.
ಬಿಡಿಸಿಕೊಳ್ಳಲು ಎಷ್ಟು? ಕೂಗಿ ಕೇಳಿದಳು.
ಕುಣೀಬೇಕು ಅಷ್ಟೇ, ಅಂದವು ಮಕ್ಕಳು,
ಕೋಳಿಯ ಹಾಗೆ, ಅಂಗಳಕ್ಕೆ ಒಂದು ಸುತ್ತು.
ಅವನು ಕುಣಿದ,
ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಧೂಳು.
ಬೂಟು ಬಂತು.
ಬಡ್ಡಿಯಿಲ್ಲ, ಚೀಟಿಯಿಲ್ಲ, ತಾರೀಖಿಲ್ಲ.
ನಕ್ಕೂ ನಕ್ಕೂ ಅವಳು ಸೋಪಿನ ಕೈಯಲ್ಲೇ
ಕಣ್ಣೊರೆಸಿಕೊಂಡು ಉರಿ ಮಾಡಿಕೊಂಡಳು.

ಮಂಗಳವಾರ ಗಾಜಿನ ಮುಂದೆ ಮತ್ತೆ ಅವಳು.
ಈ ಸಲ ರೆಬೋಸೊ ಬಿಚ್ಚಲಿಲ್ಲ.
ಪೂರ್ತಿ ದುಡ್ಡಿಲ್ಲ,
ಬಡ್ಡಿಗಷ್ಟೇ ಆಗುತ್ತದೆ, ಎಪ್ಪತ್ತೆರಡು.
ರೆಫ್ರೆಂದೊ, ಅಂದ ಹುಡುಗ, ಚೀಟಿಗೆ ಹೊಸ ತಾರೀಖು ಒತ್ತುತ್ತ.
ರೆಫ್ರೆಂದೊ, ಅವಳು ತಿರುಗಿ ಹೇಳಿದಳು,
ಪ್ರೆಂದಾದ ತಂಗಿಯೋ ಏನೋ ಎಂದುಕೊಂಡು.

ಹೊರಡುವ ಮುನ್ನ
ಅವನ ಕಾಲರಿನತ್ತ ಬೆರಳು ತೋರಿದಳು.
“ಆ ಪ್ರೆಂದಾ,” ಅಂದಳು, “ನನ್ನ ಹತ್ತಿರ ತಾ.
ಗಂಜಿ ಕಡಿಮೆ ಹಾಕುತ್ತೇನೆ.”