ಬುತ್ತಿಬಟ್ಟೆ

ಇಪ್ಪತ್ತೆಂಟು ವರ್ಷ ಬಳ್ಳಾರಿಯ ಕೌಲ್‌ಬಜಾರಿನಲ್ಲಿ
ಜೀನ್ಸ್ ಕತ್ತರಿಸಿದ ಕೈ ಇದು.
ಅರವತ್ತು ಪದರ ಹಾಸಿ ಬ್ಲೇಡು ಬಿಟ್ಟರೆ
ತಳದ ಪದರಕ್ಕೂ ಮೇಲಿನದಕ್ಕೂ ನೂಲಿನಷ್ಟು ಫರಕಿಲ್ಲ.
ಅದನ್ನು ಕೇಳಿಯೇ ಹುಡುಕಿಕೊಂಡು ಬಂದಳು ಸುಂಕಮ್ಮ,
ತೋರಣಗಲ್ಲು ರಸ್ತೆಯ ಶೆಡ್ಡಿನಲ್ಲಿ
ವಿಮಾನದ ರೆಕ್ಕೆಗೆ ಏನೋ ಮಾಡುತ್ತಿರುವವಳು.
‘ಮೌಲಣ್ಣ, ಇದನ್ನ ಕತ್ತರಿಸಿ ಕೊಡು.’

ಕರಿ ಬಟ್ಟೆ. ಇದ್ದಿಲಿನ ಎಳೆ.
ಸವರಿದರೆ ರೇಷ್ಮೆ, ಮುರಿದರೆ ಸೂಜಿ.
ಮೊದಲ ದಿನ ಮೊಣಕೈತನಕ ತುರಿಕೆ.
ಎಣ್ಣೆ ಹಚ್ಚುತ್ತ ಬೀಬಿ ಕೇಳಿದಳು:
‘ಕಾರದಪುಡಿ ಮಿಲ್ಲಿಗೆ ಸೇರಿದೆಯೇನು?’

‘ಬ್ಯಾಟರಿ ಎಲ್ಲಿಡ್ತೀಯಮ್ಮಾ, ರೆಕ್ಕೆಯೊಳಗಾ, ಸೀಟಿನ ಕೆಳಗಾ?’
‘ಎಲ್ಲೂ ಇಡಲ್ಲ. ರೆಕ್ಕೇನೇ ಬ್ಯಾಟರಿ.’
ನಕ್ಕೆ.
ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನಗು ನಿಂತಿತು.
ಗಣಿಗೆ ನಡೆದು ಹೋಗುತ್ತಿದ್ದ ಅಬ್ಬಾನ
ಸೊಂಟದ ಬುತ್ತಿ ನೆನಪಾಯಿತು:
ರೊಟ್ಟಿ ತೀರಿದ ಮೇಲೂ ಬಟ್ಟೆ ಉಳಿಯುತ್ತಿತ್ತು,
ಬರುವಾಗ ಬರೀ ಬಟ್ಟೆಯನ್ನು ಹೊತ್ತು ಬರುತ್ತಿದ್ದ.
ಇವಳು ಬಟ್ಟೆಯನ್ನೇ ರೊಟ್ಟಿ ಮಾಡಲು ಹೊರಟಿದ್ದಾಳೆ.
ಉಂಡರೂ ಹರಿಯಬಾರದು,
ಹರಿಯದೆಯೂ ಹೊಟ್ಟೆ ತುಂಬಬೇಕು.

ಕರಿ ಪದರ ಒಂದು. ಅದರ ಮೇಲೆ ಗಾಜಿನ ನೂಲಿನ ತೆಳು ಪರದೆ,
ಮುಟ್ಟಿಕೊಂಡರೆ ಸುಟ್ಟುಕೊಳ್ಳುವ ಇಬ್ಬರ ನಡುವೆ ಹಿರಿಯರಂತೆ.
ಆಮೇಲೆ ಇನ್ನೊಂದು ಕರಿ ಪದರ, ಕಬ್ಬಿಣದ ಲೇಪ ಕುಡಿದದ್ದು.
‘ಕಬ್ಬಿಣವಾ! ನಮ್ಮ ಸಂಡೂರಿಂದಾ?’
‘ಯಾವ ಗುಡ್ಡದ್ದೋ. ಡಬ್ಬಿಯಲ್ಲಿ ಬರುತ್ತೆ.’
ಬಾಗಿಲಿಗೆ ಮೂರು ಕಾಲೊರಸು, ಕೆಂಧೂಳು ಒಳಗೆ ಬರದ ಹಾಗೆ.
ಲಾರಿ ಹೋದಾಗೆಲ್ಲ ಕಿಟಕಿಗೆ ಟೇಪು ಒತ್ತುತ್ತೇವೆ.
ಒಳಗೆ ಮೇಜಿನ ಮೇಲೆ ಅದೇ ಕುಲದ್ದು
ಬೂದುಬಣ್ಣ ತೊಟ್ಟು, ಸಾಧುವಾಗಿ ಮಲಗಿದೆ.

ಜಗಳವೆಲ್ಲ ಅಂಟಿನದು.
ಬಿಗಿದರೆ ರೆಕ್ಕೆ ನಿಲ್ಲುತ್ತದೆ, ಕರೆಂಟು ಹಾಯದು.
ಮೆತ್ತಗಾದರೆ ಕರೆಂಟು ಹಾಯುತ್ತದೆ, ರೆಕ್ಕೆ ಜೋಲುತ್ತದೆ.
ಹನ್ನೊಂದು ತಿಂಗಳಿಂದ ಆ ಹದಕ್ಕೆ ಕಾದಿದ್ದೇವೆ.
ನಾನು ಗಂಜಿಯ ಮಾತೆತ್ತಿದೆ; ಅವಳು ಬರೆದುಕೊಂಡಳು, ಪಾಪ.

ನಲವತ್ತೊಂದನೇ ತುಂಡು.
ಎರಡು ತುದಿ ಕಚ್ಚಿಸಿ, ಕಡಲೆಕಾಳಿನಷ್ಟು ಬಲ್ಬು ಸಿಕ್ಕಿಸಿ,
ನಡುವಿಗೆ ಕಿರಾಣಿ ಅಂಗಡಿಯ ತೂಕದ ಕಲ್ಲು.
ಒಂಬತ್ತು ಕಿಲೋ. ಉರಿಯಿತು.
ಹತ್ತು. ತುಂಡು ಬಾಗಿತು, ಬೆಳಕು ತೊದಲಿತು.
ಹನ್ನೊಂದಕ್ಕೆ ಆರಿತು.
ತುಂಡು ಮಾತ್ರ ಮುರಿಯಲಿಲ್ಲ.
ಕಲ್ಲು ಇಳಿಸುತ್ತ ಬಂದೆ. ಮೂರನೆಯದು ಇಳಿದಾಗ
ಬಲ್ಬು ಮತ್ತೆ ಕಣ್ಣುಬಿಟ್ಟಿತು, ಕೆಂಪಗೆ.
ನಾನು ಚಪ್ಪಾಳೆ ತಟ್ಟಿದೆ.
‘ಅದು ಗೆಲುವಲ್ಲ ಮೌಲಣ್ಣ, ಒಳಗೆ ಪದರ ಬಿಟ್ಟಿದೆ.’
ರಿಜಿಸ್ಟರಿನಲ್ಲಿ ಬರೆದಳು: ಬಲ ಇದೆ. ಬೆಳಕು ನಂಬಲಾಗದು.

ಸಂಜೆಯ ವಿಮಾನ ತಲೆಯ ಮೇಲೆ ಇಳಿದುಹೋಯಿತು.
ಅದರೊಳಗೆ ಕೂತವರಿಗೆ ರೆಕ್ಕೆ ಇನ್ನೂ ಬರೀ ರೆಕ್ಕೆ.
ನಾನಂತೂ ಹತ್ತಿದವನಲ್ಲ;
ಕೆಳಗೆ ನಿಂತು ಎಳೆಯ ದಿಕ್ಕು ಹುಡುಕಿದೆ, ಕಾಣಲಿಲ್ಲ.

ಮನೆಯಲ್ಲಿ ಬೀಬಿ ಬುತ್ತಿಬಟ್ಟೆ ಒಗೆದು
ಹಗ್ಗಕ್ಕೆ ಹಾಕಿದ್ದಾಳೆ.
ಗಾಳಿ ಬಂದಾಗ ಅದು
ಒಂದು ಮೂಲೆಯಿಂದ ಸ್ವಲ್ಪ ಏಳುತ್ತದೆ.