ಮೀನಿನ ಬುತ್ತಿ

ಜಸೀರಾ ಮೀನಿನ ಹೊಟ್ಟೆ ಸೀಳುವುದು
ಸಾರಿಗಷ್ಟೇ ಅಲ್ಲ, ಸುದ್ದಿಗೂ.

ಮೊದಲೆಲ್ಲ ಅಮೆಜಾನಿನ ಈ ತೊರೆಯಲ್ಲಿ
ಗೇಣುದ್ದದ ಮೀನಿಗೂ ಮರಗಳೇ ಬುತ್ತಿ ಕಟ್ಟುತ್ತಿದ್ದವು:
ಅಸಾಯಿ ಹಣ್ಣು, ಕೆಂಜಿಗ, ಒಮ್ಮೆಯಂತೂ
ರೆಕ್ಕೆಯ ಹೊಳಪಿನ್ನೂ ಆರದ ದುಂಬಿ.

ಈಗ ಸೋಯಾ ಲಾರಿಗಳ ರಸ್ತೆ.
ಅದರಡಿ ಒಂದು ಸಿಮೆಂಟು ಕೊಳವೆ,
ನೀರಿಗಿಂತ ಮೊಳ ಮೇಲೆ ಅದರ ತುಟಿ.
ಹತ್ತಲಾರದವು ಕೆಳಗೇ ಸುತ್ತುತ್ತವೆ,
ಬಿಸಿಲು ಬೆಳೆಸಿದ ಪಾಚಿ ಕೆರೆಯುತ್ತ.

ಇವತ್ತು ತ್ರಾಯಿರಾ ಹೊಟ್ಟೆಯಲ್ಲಿ
ಇನ್ನೊಂದು ತ್ರಾಯಿರಾ, ಕಿರುಬೆರಳಷ್ಟು.
ಅದರದನ್ನೂ ಚಾಕುವಿನ ತುದಿಯಲ್ಲಿ ಬಿಡಿಸಿದಳು:
ಬರೀ ಕೆಸರು.

ರಸ್ತೆಯಾಚೆ ಅವಳ ತಂಗಿ ಇದ್ದಾಳೆ.
ಅಲ್ಲಿನ್ನೂ ನಾಲ್ಕು ಮರ ಬಾಗಿವೆಯಂತೆ ನೀರಿಗೆ.
'ನಿನ್ನ ಮೀನು ಏನು ತಿಂದಿತ್ತು?' ಎಂದು
ಫೋನಲ್ಲಿ ಕೇಳುತ್ತಾಳೆ,
ಊಟ ಆಯ್ತಾ ಎಂದು ಕೇಳುವ ಮೊದಲು.