ಕಾಲು ಎಲ್ಲಿಡ್ತಾಳೆ

ಸೈಕಲ್ಲಿಗೊಂದು ಸೀಟು ಬೇಕು ಅಂದರೆ ಹೊರಪೇಟೆಯ ನಯಾಜ್
ಟೇಪು ತೆಗೆದು ಮಗಳ ಮೊಣಕಾಲಿನಿಂದ ಕೆಳಕ್ಕೆ ಅಳೆದ.
"ಸೀಟೇನು ಅಕ್ಕ, ಅರ್ಧ ಗಂಟೆ ಕೆಲಸ.
ಕಾಲು ಎಲ್ಲಿಡ್ತಾಳೆ, ಅದನ್ನ ಮೊದ್ಲು ಹೇಳಿ."

ಇಡೀ ತುಮಕೂರಿನಲ್ಲಿ
ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬ.

ಉಳಿದವರದು ಬೇರೆ.
ಕಂತಿನ ಮೇಲೆ ಸ್ಕೂಟಿ ಕೊಡ್ತಾರಲ್ಲ?
ಮನೇಲಿ ಯಾರೂ ಏನೂ ಅನ್ನಲ್ವಾ?
ಮೋಕ್ಷಿತಾ ಅಂತ ಹೆಸರಿಟ್ಟಿದ್ದು ಸಾಲದು ಅಂತ
ಬಿ.ಎಚ್. ರೋಡಿಗೇ ಕರ್ಕೊಂಡು ಹೋಗ್ತೀಯಲ್ಲೇ ತಾಯಿ!
ಹೀಗಂದದ್ದು ಎದುರುಮನೆ ಪಂಕಜಕ್ಕ,
ಬೈಕಿನ ಟ್ಯಾಂಕಿನ ಮೇಲೊಂದು, ನಡುವೆ ಒಂದು, ತೊಡೆಯ ಮೇಲೊಂದು,
ಕೈಯಲ್ಲಿ ಇಡ್ಲಿ ಹಿಟ್ಟಿನ ಡಬ್ಬಿ.
ಗಂಡ ಕಿಕ್ ಹೊಡೆಯುವವರೆಗೂ ಬೈದು, ಹೊರಟುಹೋದಳು.

ನನ್ನ ಎಡ ಹಿಮ್ಮಡಿಯಲ್ಲಿ ಒಂದು ಗುರುತಿದೆ.
ಬಟವಾಡಿಯ ರಸ್ತೆ ಆಗ ಖಾಲಿ. ಖಾಲಿ ಅಂದರೆ ಖಾಲಿ,
ಒಂದು ಲೂನಾ ಹೋದರೆ ಯಾರದು ಅಂತ ಗೊತ್ತಾಗುತ್ತಿತ್ತು.
ಬಸ್ಸೂ ಇಲ್ಲ, ಲಾರಿಯೂ ಇಲ್ಲ, ಯಾರ ತಪ್ಪೂ ಇಲ್ಲ.
ಕ್ಯಾರಿಯರಿನ ಮೇಲೆ ತೂಕಡಿಸಿದೆ,
ಕಾಲು ಚಕ್ರದ ಕಡ್ಡಿಯೊಳಗೆ ಹೋಯಿತು.
ಅಪ್ಪ ಟವಲು ಸುತ್ತಿ ಎತ್ತಿಕೊಂಡು ಓಡಿದ.
ಆಮೇಲೆ ಎರಡು ವರ್ಷ
ನನ್ನನ್ನು ಕೂರಿಸಿ, ಸೈಕಲ್ ತಳ್ಳಿಕೊಂಡೇ ನಡೆದ ಶಾಲೆಯವರೆಗೂ,
ಒಂದು ದಿನವೂ ಪೆಡಲ್ ಮೇಲೆ ಕಾಲಿಡಲಿಲ್ಲ.
ಅದೂ ಒಂದು ಉಪಾಯವೇ. ನನಗೆ ಅಷ್ಟು ಹೊತ್ತಿಲ್ಲ:
ಒಂಬತ್ತಕ್ಕೆ ಅವಳ ಪ್ರಾರ್ಥನೆ,
ಒಂಬತ್ತೂ ಕಾಲಿಗೆ ಜಿಲ್ಲಾಸ್ಪತ್ರೆಯ ಚೀಟಿ ಕೌಂಟರು,
ನಾನು ಕಿಟಕಿ ತೆರೆಯುವ ಮೊದಲೇ ಹೊರಗೆ ಸಾಲು.

ನಯಾಜ್ ಕಾಲಿಡಲು ಎರಡು ಪಟ್ಟಿ ಬೆಸೆದ,
ಚಕ್ರಕ್ಕೆ ಕೋಳಿಗೂಡಿನ ಜಾಲರಿ ಕಟ್ಟಿದ.

ಈಗ ನನಗೆ ಈ ಊರಿನ ನಕ್ಷೆಯೇ ಬೇರೆ.
ಟೌನ್‌ಹಾಲ್ ಹತ್ತಿರ ಚರಂಡಿಯ ಸಲಾಕೆಗಳು
ನಮ್ಮ ಟೈರಿನಷ್ಟೇ ಸಂದು ಬಿಟ್ಟು ಉದ್ದಕ್ಕೆ ಮಲಗಿವೆ.
ಮಂಡಿಪೇಟೆಯಲ್ಲಿ ಬೆಲ್ಲದ ಲಾರಿ ರಿವರ್ಸ್ ಬರುವಾಗ
ಹಿಂದೆ ನಿಂತ ಹುಡುಗ "ಬಾ, ಬಾ" ಅನ್ನುತ್ತಾನೆ. ನಮಗಲ್ಲ.
ಕೇಬಲ್ಲಿನವರು ಅಗೆದು ಮುಚ್ಚಿದ ಮಣ್ಣನ್ನು ನಂಬಬಾರದು.
ಕುಣಿಗಲ್ ಬಸ್ಸು ಹಾರ್ನ್ ಹೊಡೆದರೆ ವಾಸಿ;
ಹೊಡೆಯದೆ ಪಕ್ಕಕ್ಕೆ ಬಂದು
ಮೈಯ ಬಿಸಿ ತಾಗಿಸಿ ಹೋಗುವುದಿದೆಯಲ್ಲ,
ಆಗ ಅವಳ ಗುಲಾಬಿ ಹೆಲ್ಮೆಟ್ಟಿಗೆ
ನನ್ನ ಗಲ್ಲ ಠಕ್ಕನೆ ಬಡಿಯುತ್ತದೆ.

ಅವಳಿಗೂ ಒಂದು ಕೆಲಸ ಕೊಟ್ಟಿದ್ದೇನೆ.
ನಿಂತ ಕಾರುಗಳ ಸಾಲಿನ ಪಕ್ಕ ಹೋಗುವಾಗ
ಒಳಗೆ ಯಾರಾದರೂ ಇದ್ದಾರೋ ನೋಡಿ ಕೂಗಬೇಕು:
"ತಲೆ ಇಲ್ಲ. ತಲೆ ಇಲ್ಲ. ತಲೆ ಇದೆ ಅಮ್ಮ, ತಲೆ!"
ತಲೆ ಇದ್ದರೆ ಬಾಗಿಲು ತೆರೆದುಕೊಳ್ಳಬಹುದು,
ನಾನು ಒಂದು ಮಾರು ಸರಿಯುತ್ತೇನೆ.
ಅಶೋಕ ರಸ್ತೆಯ ಬಳೆ ಅಂಗಡಿಯವರು ಮೊದಮೊದಲು ನಗುತ್ತಿದ್ದರು.
ವೋಟು ಕೇಳಲು ಬಂದವರ ಖಾಲಿ ಜೀಪು ನೋಡಿ
ಬೀದಿಗೆಲ್ಲ ಕೇಳುವಂತೆ "ತಲೆ ಇಲ್ಲ" ಅಂದಳು.
ಕೈಮುಗಿದು ನಿಂತಿದ್ದವರು ಕೈಮುಗಿದೇ ನಿಂತಿದ್ದರು.

ಒಮ್ಮೊಮ್ಮೆ ನಿದ್ದೆಯಲ್ಲೂ ಎಣಿಸುತ್ತಾಳೆ.
ಕಲಿಸಿದ್ದು ಎಚ್ಚರವೋ, ಹೆದರಿಕೆಯೋ,
ದೀಪ ಆರಿಸಿದ ಮೇಲೆ
ಅದೊಂದು ಗೊತ್ತಾಗುವುದಿಲ್ಲ.

ಈ ಜೂನಿಗೆ ಅವಳ ಮೊಣಕಾಲು ಹ್ಯಾಂಡಲಿಗೆ ತಾಗುತ್ತಿದೆ.
ನಯಾಜ್ ಟೇಪು ತೆಗೆಯಲೇ ಇಲ್ಲ.
"ಇನ್ನು ಸೀಟಿಲ್ಲ ಅಕ್ಕ. ಇವಳಿಗೇ ಒಂದು ಸೈಕಲ್ ನೋಡಿ."
ಅಮಾನಿಕೆರೆಯ ಏರಿಯ ಮೇಲೆ ನಾಲ್ಕು ಭಾನುವಾರ ಕಲಿಸಿದೆ.
ಬಿದ್ದಳು, ಎದ್ದಳು,
ವಾಕಿಂಗಿಗೆ ಬಂದ ಯಜಮಾನರೊಬ್ಬರ ಕಾಲ ಮೇಲೆ ಹತ್ತಿಸಿದಳು.

ಸೋಮವಾರದಿಂದ ರೋಡಿಗೆ ಹೋಗೋಣ,
ನಾನು ಹಿಂದೇನೇ ಇರ್ತೀನಿ, ಅಂದೆ.
ಹೆಲ್ಮೆಟ್ಟಿನ ಪಟ್ಟಿ ಕಚ್ಚುತ್ತ ಸ್ವಲ್ಪ ಹೊತ್ತು ಯೋಚಿಸಿದಳು.
"ಹಿಂದೆ ಬೇಡ. ಬಲಗಡೆ ಬಾ," ಅಂದಳು,
"ಬಸ್ಸು ಬರೋದು ಆ ಕಡೆಯಿಂದ."